ಯಾವ ಕಾಲು?

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಹಿಂದಿನ ಸಾಲಿನಲ್ಲಿ ಮೊಬೈಲಿಗೆ ತಲೆಬಾಗಿರುವ ಗೆಳೆಯರೇ, ಎಲ್ಲ ಸಭಿಕರೇ,

ಇವತ್ತು ಬೀಳ್ಕೊಡುಗೆ ಯಾರಿಗೋ ಅವರ ಕುರ್ಚಿಯೇ ಖಾಲಿ ಇದೆ. "ಮೇಡಂ ಬರೋವರೆಗೂ ನೀನೇ ಮಾತಾಡ್ತಿರು, ಬಾಯಿ ಇರೋದು ನಿನಗೇ" ಎಂದು ಅಧ್ಯಕ್ಷರು ಮೈಕು ಕೈಗೆ ಕೊಟ್ಟಿದ್ದಾರೆ.

ಹೊಸಬರಿಗಾಗಿ ಹೇಳುತ್ತೇನೆ. ಡಾಕ್ಟರು ಬರೆದ ಕಾಯಿಲೆಯನ್ನು ನಾವು ಕೋಡ್ ಮಾಡುತ್ತೇವೆ, ಅಂದರೆ ಇನ್ಶೂರೆನ್ಸ್ ಬಿಲ್ಲಿಗಾಗಿ ಒಂದೊಂದು ಕಾಯಿಲೆಗೂ ಅದರದೇ ಸಂಖ್ಯೆ ಹಾಕುತ್ತೇವೆ. ನಮ್ಮ ವಿಭಾಗಕ್ಕೆ ಬರುವುದು ಕಾಲು ಮಾತ್ರ. ಸ್ನಾಯುವಿನ ತುದಿಯೋ ಕೀಲಿನ ಪಟ್ಟಿಯೋ ಮೂಳೆಗೆ ಅಂಟುವ ಜಾಗದ ನೋವುಗಳು. ಮಂಡಿಚಿಪ್ಪಿನ ಕೆಳಗಿನದಕ್ಕೆ ಒಂದು ಕೋಡ್, ಹಿಮ್ಮಡಿಯ ಹಿಂದಿನದಕ್ಕೆ ಇನ್ನೊಂದು. ಅದರಲ್ಲೂ ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಯಾವುದೆಂದು ತಿಳಿಯದಿದ್ದರೆ 'ನಿರ್ದಿಷ್ಟವಿಲ್ಲ' ಎಂಬ ಕೋಡ್ ಇದೆ. ಸೋಮಾರಿಗಳ ಸ್ವರ್ಗ ಅದು. ನಾನು ಅಲ್ಲೇ ಮನೆ ಮಾಡಿಕೊಂಡಿದ್ದೆ.

ಮೇಡಂ ಬಿಡಬೇಕಲ್ಲ! ನಮ್ಮ ಕೆಲಸ ತಿದ್ದುತ್ತಿದ್ದವರು ಅವರು. "ಯಾವ ಕಾಲು?" ಎಂದು ಬರೆದು ವಾಪಸ್. "ಇದು ಬರೀ ಕಾಲು. ಉಳಿದ ಮುಕ್ಕಾಲು ಎಲ್ಲಪ್ಪಾ?" ಹಾಗಾಗಿ 'ಯಾವ ಕಾಲು ಮೇಡಂ' ಎಂಬ ಹೆಸರೇ ಬಿತ್ತು.

ನಾನು ಮಾತ್ರ ಅಕ್ಕ ಅನ್ನುತ್ತಿದ್ದೆ. ಊರು ಬಿಟ್ಟು ಬಂದವನು, ಬಾಡಿಗೆ ರೂಮಿನಲ್ಲಿ ಗೋಡೆ ಜೊತೆ ಮಾತಾಡುವವನು. ರಜೆ ಬಂತೆಂದರೆ ಫೋನ್ ಮಾಡಿ ಅವರ ತಲೆ ತಿನ್ನುತ್ತಿದ್ದೆ. ಈ ಕೆಲಸ ಬಿಡ್ತೀನಕ್ಕ, ಬೇರೆ ಕಡೆ ಹೋಗ್ತೀನಕ್ಕ. "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯೇನೋ? ಯಾವ ಕಾಲಿಗೆ, ಅದನ್ನಾದ್ರೂ ಹೇಳು!" ಬರೀ ನನ್ನದೇ ಗೋಳು. ಅವರದನ್ನು ಎಂದಾದರೂ ಕೇಳಿದೆನೇ?

ಭಾಷಣ ಬರೆದುಕೊಂಡು ಬಂದಿದ್ದೆ. 'ಎಲ್ಲರಿಗಿಂತ ಮೊದಲು ಬರುವವರು, ಎಲ್ಲರಿಗಿಂತ ಕೊನೆಗೆ ಹೋಗುವವರು, ಇದಲ್ಲವೇ ಕರ್ತವ್ಯನಿಷ್ಠೆ?' ಚಪ್ಪಾಳೆಗೆ ಜಾಗವನ್ನೂ ಬಿಟ್ಟಿದ್ದೆ. ಈಗ ಆ ಸಾಲು ಓದಲು ಬಾಯಿ ಬರುತ್ತಿಲ್ಲ.

ಯಾಕೆಂದರೆ, ಈಗ ತಾನೇ ಮೆಟ್ಟಿಲು ಹತ್ತಿ ಬರುವಾಗ ಒಂದನೇ ಮಹಡಿಯ ತಿರುವಿನಲ್ಲಿ ಅಕ್ಕ ಕುಳಿತಿದ್ದರು. ಲಿಫ್ಟ್ ಕೆಟ್ಟು ಎಷ್ಟು ಕಾಲವಾಯಿತೆಂದು ಅಧ್ಯಕ್ಷರಿಗೆ ಗೊತ್ತಿದೆ. ಕಿವಿಯಲ್ಲಿ ಫೋನ್. "ನೀನು ಹೋಗಿರಪ್ಪ, ಯಾರದೋ ಫೋನ್ ಬಂತು." ನಾನು ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದೆ. ಇಲ್ಲಿ ಬಂದು ಕೂತ ಮೇಲೆ ಕಣ್ಣಿಗೆ ಕಟ್ಟಿತು. ಎಡಗಾಲಿನ ಶೂ ಬಿಚ್ಚಿ ಪಕ್ಕದಲ್ಲಿಟ್ಟಿದ್ದರು. ಹಿಮ್ಮಡಿಗೆ ತಾಗದಂತೆ ಅದರ ಹಿಂಭಾಗವನ್ನೇ ಕತ್ತರಿಸಿದ್ದರು.

ಕತ್ತರಿ ನನ್ನದೇ, ಸಭಿಕರೇ. ಹೋದ ವರ್ಷ ಕೇಳಿ ತೆಗೆದುಕೊಂಡಿದ್ದರು. "ಏನಕ್ಕಾ, ಟೈಲರ್ ಅಂಗಡಿ ಇಡ್ತೀರಾ?" "ಹೂಂ ಕಣೋ, ಮೊದಲು ನಿನ್ನ ನಾಲಿಗೆ ಅಳತೆ ತಗೋತೀನಿ." ಇಬ್ಬರೂ ನಕ್ಕೆವು. ಅಲ್ಲಿಗೆ ಮುಗಿಯಿತು.

ಅವರು ಮೊದಲು ಬರುತ್ತಿದ್ದದ್ದು ನಮ್ಮ ಕಣ್ಣಿಗೆ ಬೀಳದಂತೆ ಹತ್ತುವುದಕ್ಕೆ. ಕೊನೆಗೆ ಹೋಗುತ್ತಿದ್ದದ್ದು ಹಾಗೆಯೇ ಇಳಿಯುವುದಕ್ಕೆ. ದಿನವಿಡೀ ಕಾಲನ್ನೇ ಓದುವ ನಮಗೆ ಪಕ್ಕದಲ್ಲಿ ಕುಳಿತವರ ಕಾಲು ಕಾಣಲಿಲ್ಲ.

ರಾಜೀನಾಮೆಗೆ ಕಾರಣ ಏನೆಂದು ಬರೆದರು? 'ವೈಯಕ್ತಿಕ.' ಅಂದರೆ, ನಿರ್ದಿಷ್ಟವಿಲ್ಲ! ಅಂಥದ್ದನ್ನು ಒಂದು ದಿನವೂ ಒಪ್ಪದವರು ತಾವೇ ಬರೆದುಕೊಟ್ಟರು. ಅಧ್ಯಕ್ಷರೇ, ನೀವು ಸಹಿ ಹಾಕಿದಿರಿ. ನಾನು ಹೂಗುಚ್ಛಕ್ಕೆ ಬಣ್ಣ ಆರಿಸಿದೆ. ನಾವು ಯಾರಾದರೂ ಅದನ್ನು ವಾಪಸ್ ಕಳಿಸಿ, ಯಾವ ಕಾಲು ಎಂದು ಕೇಳಿದೆವಾ?

ಈಗ ಕೇಳಿದರೆ ಉಳಿಯುತ್ತಾರೆಯೇ? ಇಲ್ಲವೆಂದೇ ಕಾಣುತ್ತದೆ. ಆದರೆ ಅವರ ಬೀಳ್ಕೊಡುಗೆಗೆ ಅವರನ್ನೇ ಮೂರು ಮಹಡಿ ಹತ್ತಿಸುವುದು ಬೇಡ. ನಾವೇ ಇಳಿದು ಅವರಿದ್ದಲ್ಲಿಗೆ ಹೋಗೋಣ. ಮುಂದಿನ ಸಾಲಿನವರು ಒಂದೊಂದು ಕುರ್ಚಿ ಎತ್ತಿಕೊಳ್ಳಿ. ಅಧ್ಯಕ್ಷರೇ, ಹೂಗುಚ್ಛ ನಿಮ್ಮ ಕೈಯಲ್ಲಿರಲಿ. ಬೈಯುತ್ತಾರೆ, ಬೈಯಲಿ.

ಮೈಕಿನ ವೈರು ಅಲ್ಲಿಯವರೆಗೆ ಎಟುಕುವುದಿಲ್ಲ. ಹಾಗಾಗಿ ಕೇಳಿಸಿಕೊಂಡ ನಿಮಗೆಲ್ಲ ಇಲ್ಲಿಯೇ ಧನ್ಯವಾದ ಹೇಳಿಬಿಡುತ್ತೇನೆ. ನಮಸ್ಕಾರ ಮಾತ್ರ ಕೆಳಗೆ, ಒಂದನೇ ಮಹಡಿಯ ತಿರುವಿನಲ್ಲಿ, ಅಕ್ಕನಿಗೆ.