ಕತ್ತಲ ಕೋಣೆಯ ವಾಲ್ವು

ನಮ್ಮ ವಂಶದಲ್ಲಿ ಹೆದರಿಕೆ ಅನ್ನುವುದು ಯಾರಿಗೂ ಇಲ್ಲ. ನಾನೇ ಒಮ್ಮೆ ಒಂದು ದೆವ್ವವನ್ನು ಗದರಿಸಿದಾಗ, ಅದು "ತಪ್ಪಾಯ್ತು ಸ್ವಾಮಿ" ಅಂತ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತ್ತು. ಅದನ್ನು ಬೇಕಾದರೆ ಸುಳ್ಳು ಅನ್ನಿ. ಅಕ್ಕನ ಮಗಳು ಪುಟ್ಟಿಗೆ ಆದದ್ದು ಮಾತ್ರ ನಿಜ. ದೀಪ ಸಣ್ಣಗೆ ಮಾಡಿ, ಹೇಳುತ್ತೇನೆ.

ಅವತ್ತು ರಾತ್ರಿ ಪುಟ್ಟಿ ಪ್ರಯೋಗಾಲಯದಲ್ಲಿ ಯಂತ್ರ ಓಡಲು ಬಿಟ್ಟು ಮನೆಗೆ ಹೊರಟಿದ್ದಳು. ಕಟ್ಟಡದ ಹಿಂದೆ ಹಾಳು ಬಾವಿ, ಮೇಲೆ ಕಬ್ಬಿಣದ ಜಾಲರಿ. ಬಾವಿ ದಾಟುವಾಗ ಕಾಲು ತಾನಾಗಿ ನಿಂತಿತು...

ಯಂತ್ರದೊಳಗಿನ ಗಾಳಿಯನ್ನೆಲ್ಲ ಹೀರಿ ಹೊರಹಾಕುವ ಪಂಪಿನ ಕೊಳವೆ ಗೋಡೆಯಿಂದ ಅಲ್ಲೇ ಹೊರಬಂದಿತ್ತು. ಅಷ್ಟು ಹೊತ್ತು ಟುಕು ಟುಕು ಅನ್ನುತ್ತಿದ್ದದ್ದು ಈಗ ಗೊಳ ಗೊಳ ಅನ್ನುತ್ತಿದೆ. ಗಾಳಿ ನುಂಗಿದ ಪಂಪಿನ ಸದ್ದು.

ಒಳಗೆ ಯಾರೋ ಗಾಳಿ ಬಿಡುವ ವಾಲ್ವು ತಿರುಗಿಸಿದ್ದಾರೆ!

ಪುಟ್ಟಿಯ ಕೆಲಸ ಇಷ್ಟೆ. ಲೇಸರ್ ಬೆಳಕು ಬಡಿದರೆ ಪರಮಾಣುವಿಗೆ ಹುರುಪೇರುತ್ತದೆ. ಹುರುಪಿಳಿದಾಗ ಅದು ಒಂದು ಕಣ ಬೆಳಕು ಉಗುಳುತ್ತದೆ. ಆ ಹುರುಪಿನ ಆಯಸ್ಸು ಅಳೆಯಬೇಕು. ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಅಂಥ ಕೋಟಿ ಆಯಸ್ಸು ಮುಗಿದಿರುತ್ತವೆ. ಒಂದೊಂದು ಕಣ ಸಿಕ್ಕಾಗಲೂ ಪುಟ್ಟ ಸ್ಪೀಕರ್ ಟಿಕ್ ಅನ್ನುತ್ತದೆ. ಒಳಗೆ ಗಾಳಿ ನುಗ್ಗಿತೋ, ಪರಮಾಣು ಅದಕ್ಕೆ ಡಿಕ್ಕಿ ಹೊಡೆದು ಬೆಳಕು ಕೊಡದೆಯೇ ಆರಿಹೋಗುತ್ತದೆ. ಆಯಸ್ಸು ಗಿಡ್ಡ, ಲೆಕ್ಕ ಹಾಳು.

ವಾರದಿಂದ ಹಾಳಾಗುತ್ತಲೇ ಇತ್ತು. ಹಗಲಲ್ಲಿ ಅದೇ ಯಂತ್ರದ ಮುಂದೆ ಕೂರುವ ಉದ್ದಣ್ಣನ ಲೆಕ್ಕವೂ ಅಷ್ಟೆ. ಮೇಷ್ಟ್ರು ಇಬ್ಬರನ್ನೂ ನಿಲ್ಲಿಸಿಕೊಂಡು, "ನಿಮ್ಮಲ್ಲಿ ಒಬ್ರು ಆಟ ಆಡ್ತಿದೀರಿ. ನಾಳೆ ಸರಿಯಾದ ಸಂಖ್ಯೆ ಬರದಿದ್ರೆ ಒಬ್ರು ಗಂಟು ಕಟ್ಟಿ," ಅಂದಿದ್ದರು.

'ಉದ್ದಣ್ಣನೇ,' ಅಂದುಕೊಂಡಳು ಪುಟ್ಟಿ. ಬೆಳಗ್ಗೆ ನಕ್ಕು ಮಾತಾಡಿಸಿದಾಗಲೇ ಅನುಮಾನ ಬಂದಿತ್ತು.

ಚಪ್ಪಲಿ ಕೈಲಿ ಹಿಡಿದು ವಾಪಸ್ಸು ನಡೆದಳು. ಕೋಣೆಯ ಹೊರಗಿನ ಓಣಿಯ ದೀಪ ಆರಿಸಿದಳು. ಹೊರಬೆಳಕು ಬಿದ್ದರೆ ಎಣಿಕೆ ಕೆಡುತ್ತದೆಂದು ಬಾಗಿಲಿಗೆ ಕಟ್ಟಿದ್ದ ಕಪ್ಪು ಪರದೆ ಸರಿಸಿ ಒಳಗೆ ಕಾಲಿಟ್ಟಳು. ಕಣ್ಣು ತೆರೆದರೂ ಅದೇ ಕತ್ತಲು, ಮುಚ್ಚಿದರೂ ಅದೇ. ಟಿಕ್... ಟಿಕ್... ತೀರಾ ವಿರಳ.

ಯಾರದೋ ಉಸಿರು!

ಗಬಕ್ಕನೆ ಕೈ ಹಿಡಿದಳು. ಆ ಕೈಯೂ ಅವಳನ್ನು ಹಿಡಿಯಿತು.

"ಸಿಕ್ಕಿಬಿದ್ದೆ ಕಣೋ!"

"ನಾನಾ? ಸಿಕ್ಕಿಬಿದ್ದಿದ್ದು ನೀನು!" ಉದ್ದಣ್ಣನದೇ ಪಿಸುದನಿ. "ಪಕ್ಕದ ಕೋಣೇಲಿ ನಿನಗೋಸ್ಕರಾನೇ ಕಾಯ್ತಿದ್ದೆ. ಪಂಪ್ ಗೊಳಗುಟ್ಟಿತು, ಓಡಿಬಂದೆ."

"ಸುಳ್ಳ! ನಾನು ಬಾವಿ ಹತ್ರ ಇದ್ದೆ."

"ಬಾವಿ ಹತ್ರ ಏನು, ಮೀನು ಹಿಡೀತಿದ್ಯಾ?"

"ಇನ್ನೊಂದು ಕೈ ಕೊಡು ಇಲ್ಲಿ."

"ನೀನೂ ಕೊಡು ತಾಯೀ. ನಿನ್ನನ್ನ ನಂಬೋರು ಯಾರು?"

ಹೀಗೆ ಬಾಗಿಲಿಗೆ ಅಡ್ಡವಾಗಿ, ನಾಲ್ಕೂ ಕೈ ಹೆಣೆದುಕೊಂಡು, ಇಬ್ಬರೂ ನಿಂತರು. ಇರುವುದು ಅದೊಂದೇ ಬಾಗಿಲು.

ಆಗ... ಕೋಣೆಯ ಆ ತುದಿಯಲ್ಲಿ, ವಾಲ್ವು ಇರುವ ಕಡೆ...

ಕಿರ್ರ್.

ಪುಟ್ಟಿ ಉಗುರು ಊರಿದಳು. ಉದ್ದಣ್ಣ ಉಸಿರು ಬಿಡಲಿಲ್ಲ.

ಕಿರ್ರ್... ಕಿರ್ರ್... ನಿಧಾನಕ್ಕೆ, ಅವಸರವೇ ಇಲ್ಲದವರ ಹಾಗೆ.

ಪಂಪಿನ ಗೊಳಗೊಳ ಇಳಿಯಿತು. ಮತ್ತೆ ಟುಕು ಟುಕು. ಸ್ಪೀಕರಿನ ಟಿಕ್ ಟಿಕ್ ಒತ್ತಾಯಿತು, ಇನ್ನೂ ಒತ್ತಾಯಿತು, ಕಾವಲಿಯ ಮೇಲೆ ಸಾಸಿವೆ ಸಿಡಿದ ಹಾಗೆ.

"ತೆಗೀತಿಲ್ಲ ಕಣೋ..." ಪುಟ್ಟಿ ಪಿಸುಗುಟ್ಟಿದಳು. "ಮುಚ್ತಿದೆ."

"ತಿರುಪು ತಾನಾಗೇ ಸಡಿಲ ಆಗುತ್ತೆ. ಅದು ನಂಗೊತ್ತು," ಅಂದ ಉದ್ದಣ್ಣ. "ತಾನಾಗೇ ಬಿಗಿ ಆಗೋದು...?"

ಇಬ್ಬರೂ ಕೈ ಬಿಡಲಿಲ್ಲ.

ಟಿಕ್ ಟಿಕ್ ಹದಕ್ಕೆ ಬಂದು ನಿಂತಿತು. ಲೆಕ್ಕ ತುಂಬುವ ತನಕ ಹಾಗೇ ನಿಂತಿದ್ದು, ಆಮೇಲೆ ದೀಪ ಹಾಕಿದರು. ಮೇಜಿನ ಕೆಳಗೆ, ಕಪಾಟಿನ ಹಿಂದೆ... ಒಂದು ನರಪಿಳ್ಳೆಯೂ ಇಲ್ಲ.

ಮರುದಿನ ಸಂಖ್ಯೆ ನೋಡಿ ಮೇಷ್ಟ್ರ ಮುಖ ಅರಳಿತು. "ಬಂತಲ್ಲ ದಾರಿಗೆ! ಯಾರು ಸರಿ ಮಾಡಿದ್ದು?" ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು. ಯಾರೂ ಗಂಟು ಕಟ್ಟಬೇಕಾಗಲಿಲ್ಲ.

ಮೇಷ್ಟ್ರಿಗೆ ಹೇಳದೆ ಬಿಟ್ಟದ್ದು ಒಂದಿದೆ. ದೀಪ ಹಾಕಿದ ಕೂಡಲೆ ಪುಟ್ಟಿ ಹೋಗಿ ವಾಲ್ವು ಮುಟ್ಟಿದ್ದಳು. ಉದ್ದಣ್ಣನಿಗೂ ಮುಟ್ಟಿಸಿದಳು. ಯಂತ್ರಗಳಿಗೋಸ್ಕರ ಆ ಕೋಣೆಯನ್ನು ಗಡಗಡ ನಡುಗುವಷ್ಟು ತಣ್ಣಗೆ ಇಟ್ಟಿರುತ್ತಾರೆ. ಇದರಲ್ಲಿ ಒಂದಕ್ಷರವೂ ನನ್ನ ಸ್ವಂತದ್ದಲ್ಲ, ಇಬ್ಬರ ಬಾಯಲ್ಲೂ ಬೇರೆ ಬೇರೆ ಕೇಳಿದ್ದೇನೆ. ಪಕ್ಕದ ಕೊಳವೆ ತಣ್ಣಗೆ ಕೊರೆಯುತ್ತಿತ್ತು.

ವಾಲ್ವಿನ ಹಿಡಿ ಬೆಚ್ಚಗಿತ್ತು.