ಶ್ರೀಲಂಕಾದ ಹೂಜಿ ಗಿಡ

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಹಲಸೂರಿನ ಬಸ್ಸಿಗೆ ಕಾಯುತ್ತಿದ್ದ ನಾಣಿಗೆ ಕಂಡವರ ಮಾತಿಗೆ ಕಿವಿಗೊಡುವ ಚಾಳಿಯೇನೂ ಇರಲಿಲ್ಲ. ಆದರೆ ಪಕ್ಕದಲ್ಲಿ ನಿಂತಿದ್ದ ಇಬ್ಬರು ಟೀಚರುಗಳಲ್ಲಿ ಹಿರಿಯಾಕೆಯ ದನಿ ನಡುಗುತ್ತಿತ್ತು.

“ನಿನ್ನೆ ಸೈಬರ್ ಸೆಂಟರಿಗೆ ಹೋಗಿ ನೋಡ್ದೆ, ಚಿನ್ಮಯಿ. ನನ್ನ ಕ್ಲಾಸಿನ ಫಾಯಿಜಾ ಟೆಸ್ಟಲ್ಲಿ ಬರೆದಿದ್ದೇ ಸರಿ. ಹುಳ ಹಿಡಿದು ತಿನ್ನೋ ಹೂಜಿ ಗಿಡ ಶ್ರೀಲಂಕಾದಲ್ಲೂ ಇದೆ. ಅಲ್ಲಿಂದೇ ಒಂದು ಜಾತಿ, ಬೇರೆಲ್ಲೂ ತಾನಾಗಿ ಬೆಳೆಯಲ್ವಂತೆ.”

“ನೀವು ತಪ್ಪು ಹಾಕಿದ್ರಾ, ವೇದಾ ಮಿಸ್?”

“ಹೂಂ, ಕೆಂಪು ಇಂಕಲ್ಲಿ. ನಮ್ಮ ಪುಸ್ತಕದಲ್ಲಿ ಮೇಘಾಲಯ ಅಂತ ಮಾತ್ರ ಇದ್ಯಲ್ಲ.”

“ಹೋಗ್ಲಿ ಬಿಡಿ, ಮಾರ್ಕ್ಸ್ ತಿದ್ದಿದ್ರಾಯ್ತು.”

“ಮಾರ್ಕ್ಸ್ ಅಲ್ಲಮ್ಮ. ಅವಳು ಮೇಲ್ಗಡೆ ‘ಮಾಂಸಾಹಾರಿ ಗಿಡಗಳು’ ಅಂತ ಬರ್ದಿದ್ಲು. ನಿಮ್ಮನೇಲಿ ಗಿಡಕ್ಕೂ ಬಿರಿಯಾನಿ ಹಾಕ್ತೀರೇನೇ ಅಂದ್ಬಿಟ್ಟೆ. ಇಡೀ ಕ್ಲಾಸು ನಕ್ತು.”

ತುಟಿಗೆ ಬಂದಿದ್ದ ನಗುವನ್ನು ನಾಣಿ ಅವಸರದಲ್ಲಿ ನುಂಗಿಕೊಂಡ.

“ನಾಳೆ ಎಲ್ರ ಎದುರಿಗೇ ಸಾರಿ ಕೇಳ್ಬಿಡಿ, ಮಿಸ್.”

“ಯಾವ ಮುಖ ಇಟ್ಕೊಂಡು ಕೇಳ್ಲಿ?”

“ಚಿಕ್ಕ ಹುಡುಗಿ. ಸಾರಿ ಅನ್ನೋಕೆ ಏನು ಕಷ್ಟ?”

“ಅವಳು ಅವತ್ತೇ ಅಂದ್ಲು, ಚಿನ್ಮಯಿ. ‘ಸಾರಿ ಮಿಸ್’ ಅಂತ ಹೇಳಿ, ರಬ್ಬರ್ ತಗೊಂಡು ಉತ್ತರದ ಪಕ್ಕ ಬಿಡಿಸಿದ್ದ ಹೂಜಿ ಚಿತ್ರಾನ ತಾನೇ ಅಳಿಸಿದ್ಲು. ನಾನು ನೋಡ್ತಾ ನಿಂತಿದ್ದೆ.”

ಬಸ್ಸು ಬಂತು. ಇಬ್ಬರೂ ಮುಂದಿನ ಬಾಗಿಲಿನಿಂದ ಹತ್ತಿದರು. ಅದು ಹಲಸೂರಿಗೇ ಹೋಗುವ ಬಸ್ಸು. ಆ ಬಿರಿಯಾನಿ ಮಾತಿಗೆ ತಾನೂ ನಗಲು ಹೊರಟಿದ್ದ ನಾಣಿ ಹತ್ತಲಿಲ್ಲ.