ಮಾವನ ಚಮಚ

ಭಗವಂತನ ದಯೆಯಿಂದ ಬಸ್ಸು ತಡವಾಯಿತು. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಬ್ರೆಡ್ ಅಂಗಡಿಯ ಅತ್ತೆ, ಅಳಿಯ ಕೂತಿದ್ದರು.

"ಇವತ್ತೂ ಹಿಟ್ಟು ಉಕ್ಕಿ ಹುಳಿಯಾಯ್ತು. ಏನು ಕೈಗುಣ, ಅಳಿಯಂದಿರೇ!"

"ತೀರಿಹೋದ ಮಾವನ ಚಮಚದಲ್ಲೇ ಯೀಸ್ಟ್ ಅಳೆದಿದ್ದೀನಿ, ಅತ್ತೆ."

"ಅವರ ಕಾಲದಲ್ಲಿ ಒಂದು ದಿನವೂ ಕೆಡಲಿಲ್ಲ."

"ಆಗ ರಾತ್ರಿ ತಣ್ಣಗಾಗ್ತಿತ್ತು. ಅವರು ಗೋಡೆ ಮೇಲೆ ಬರೆದಿಟ್ಟಿದ್ದಾರಲ್ಲ, ಹಗಲು ಮೂವತ್ತನಾಲ್ಕು ಡಿಗ್ರಿ, ಬೆಳಗಿನ ಜಾವ ಹದಿನೆಂಟು. ಈಗಲೂ ಹಗಲು ಅಷ್ಟೇ. ಬೆಳಗಿನ ಜಾವ ಮಾತ್ರ ಇಪ್ಪತ್ತೈದು."

"ಅದಕ್ಕೇ ನನಗೂ ನಿದ್ದೆಯಿಲ್ಲ ಅನ್ನಿ!"

"ಹಿಟ್ಟಿಗೂ ಇಲ್ಲ, ರಾತ್ರಿಯೆಲ್ಲ ಉಕ್ತಾನೇ ಇರುತ್ತೆ. ಹೀಗೇ ಆದ್ರೆ ಅಂಗಡಿ ಮುಚ್ಚಬೇಕಾಗುತ್ತೆ. ಅರ್ಧ ಚಮಚ ಹಾಕ್ಲಾ?"

"ತುಂಬು ಚಮಚ ಅವರ ಅಳತೆ ಕಣ್ರೀ."

"ಅವರೇ ಇದ್ದಿದ್ರೆ ಇಷ್ಟು ಹೊತ್ತಿಗೆ ಕಮ್ಮಿ ಮಾಡಿರ್ತಿದ್ರು."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಬಸ್ಸು ಬಂತು. ಮೆಟ್ಟಿಲು ಹತ್ತುತ್ತಾ ಹಿಂದಿರುಗಿ ನೋಡಿ ಹೇಳಿದರು:

"ಅರ್ಧವೇ ಹಾಕಿ. ಚಮಚ ಮಾತ್ರ ಅದೇ ಇರಲಿ."